ಅತ್ತೆಯ ಗಂಟಲು

ಆ ಮನೆಯಲ್ಲಿ ಬೆಳಗ್ಗೆ ಏಳು ಗಂಟೆಗೆ ಐದು ಜನ ಇರುತ್ತಿದ್ದರು, ಒಂಬತ್ತಕ್ಕೆ ಏಳು. ಸೊಸೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ, ಅವಳ ಗಂಡ ಲಿಫ್ಟ್ ರಿಪೇರಿಗೆ, ಹನ್ನೊಂದು ವರ್ಷದ ಮಗಳು ಶಾಲೆಗೆ ಹೊರಟರೆ ಉಳಿಯುವವರು ಅತ್ತೆ, ಮಾವ. ಅಷ್ಟರಲ್ಲಿ ಬೀದಿಯ ಆ ತುದಿ ಈ ತುದಿಯಿಂದ ಐದು ಕೂಸುಗಳು, ಕೆಲಸಕ್ಕೆ ಓಡುವ ಅಮ್ಮಂದಿರ ಸೊಂಟ ಬಿಟ್ಟು ಅತ್ತೆಯ ಸೊಂಟ ಸೇರುತ್ತಿದ್ದವು. ಕೂಸುಗಳಿಗೆ ಹಲ್ಲು ಇನ್ನೂ ಪೂರ್ತಿ ಬಂದಿರಲಿಲ್ಲ, ಮಾವನಿಗೆ ಪೂರ್ತಿ ಹೋಗಿದ್ದವು. ಹಾಗಾಗಿ ಮಧ್ಯಾಹ್ನ ಎಲ್ಲರಿಗೂ ಒಂದೇ ಊಟ: ಕಿವುಚಿದ ಅನ್ನ, ಬೇಯಿಸಿ ಹಿಸುಕಿದ ಆಲೂಗಡ್ಡೆ.

ಮೊಮ್ಮಗಳು ಹುಟ್ಟಿದ ವರ್ಷ, ಅವಳ ಜೊತೆಗೆ ಪಕ್ಕದ ಮನೆಯ ಕೂಸನ್ನೂ ನೋಡಿಕೊಳ್ಳುತ್ತೇನೆ ಎಂದು ಅತ್ತೆ ಒಪ್ಪಿದ್ದೇ ಶುರು. ಮೊಮ್ಮಗಳು ಬೆಳೆದು ಜಡೆ ಹಾಕಿಕೊಂಡು ಶಾಲೆಗೆ ಹೋದಳು, ಕೂಸುಗಳು ಬರುವುದು ನಿಲ್ಲಲಿಲ್ಲ. ಬೀದಿಗೆಲ್ಲ ಅವರು ದೊಡ್ಡಮ್ಮ. ಒಂದೊಂದು ಹಾಲಿನ ಬಾಟಲಿಯ ಕತ್ತಿಗೂ ಒಂದೊಂದು ಬಣ್ಣದ ದಾರ. ಬಿಸಿ ಎಷ್ಟಿದೆ ಎಂದು ಮುಂಗೈ ಮೇಲೆ ಎರಡು ಹನಿ ಬಿಟ್ಟು ನೋಡದೆ ಯಾವ ಬಾಟಲಿಯೂ ಯಾವ ಬಾಯಿಗೂ ಹೋಗುತ್ತಿರಲಿಲ್ಲ.

ಅತ್ತೆಯ ಗಂಟಲಿನಲ್ಲಿ ಎಂದೋ ಸಿಕ್ಕಿಕೊಂಡ ಒಂದು ಹರಳು ಮರಳು ಅಲ್ಲೇ ಸಂಸಾರ ಹೂಡಿದಂತಿತ್ತು. ಮಾತಿಗೆ ಮುಂಚೆ 'ಹ್ಞುಂ, ಹ್ಞುಂ' ಎಂದು ಎರಡು ಸಣ್ಣ ಕೆಮ್ಮು. ಆಮೇಲೆ ಮಾತು. ಮಾತಿನ ಕೊನೆಗೆ ದನಿ ಒಂದು ಮೆಟ್ಟಿಲು ಕೆಳಗಿಳಿದು, "ಆಯ್ತಾ ಕಂದಾ?" ಮೂಗು ಒರೆಸಿ "ಆಯ್ತಾ ಕಂದಾ?" ಚಡ್ಡಿ ಬದಲಿಸಿ "ಆಯ್ತಾ ಕಂದಾ?" ಕರೆಂಟ್ ಮೀಟರು ಓದಲು ಬಂದ ಪೊದೆಮೀಸೆಯವನಿಗೂ, "ಬರ್ಕೊಂಡ್ಯಾ? ಆಯ್ತಾ ಕಂದಾ?"

ಸೊಸೆಗೂ ವರವೆಂದು ಬಂದದ್ದು ಗಂಟಲೇ, ಆದರೆ ಅದು ಬಾಡಿಗೆಗೆ ಬಿಟ್ಟ ಗಂಟಲು. ಯಾರು ಬೇಕಾದರೂ ಬಂದು ಇರಬಹುದು. ಕಾಲೇಜಿನಲ್ಲಿ ಪ್ರಿನ್ಸಿಪಾಲರ ಸೀನು, ಲೈಬ್ರರಿ ಮೇಡಂನ 'ಶ್ಶ್', ಕೆಟ್ಟ ಮೈಕಿನ ಕಿರುಚಾಟ, ಎಲ್ಲಕ್ಕೂ ಅವಳಿಗೇ ಬಹುಮಾನ. ಈಗ ಕ್ಲಿನಿಕ್ಕಿನ ಬಾಗಿಲಲ್ಲಿ ಕೂತು ಚೀಟಿ ಬರೆಯುವ ಕೆಲಸ. ಬಾಯಿ ತೆರೆದೂ ಮಾತಾಡಲಾಗದ ಜನರನ್ನು ದಿನವಿಡೀ ನೋಡಿ ನೋಡಿ ಮಾತಿಗೆ ಹಸಿದು ಬರುತ್ತಿದ್ದಳು. ರಾತ್ರಿಯ ಊಟಕ್ಕೆ ಅಂದಿನ ರೋಗಿಗಳನ್ನೆಲ್ಲ ಒಬ್ಬೊಬ್ಬರಾಗಿ ತಂದು ತಟ್ಟೆಯ ಮುಂದೆ ಕೂರಿಸುತ್ತಿದ್ದಳು.

"ಸಾಕು ನಿಲ್ಸೇ, ಅನ್ನ ನೆತ್ತಿಗೇರುತ್ತೆ!" ಎಂದು ಅತ್ತೆ ಕಣ್ಣೊರೆಸಿಕೊಂಡು ನಗುತ್ತಿದ್ದರು. "ಆ ದವಡೆ ಊದಿದವನನ್ನ ಇನ್ನೊಂದ್ಸಲ ಮಾಡು."

ಊರಿನ ರೇಡಿಯೊದವರು ವಾರಕ್ಕೊಂದು ಹತ್ತು ನಿಮಿಷದ ಮನೆ ನಾಟಕ ಬರೆಯುವವರನ್ನು ಹುಡುಕುತ್ತಿದ್ದಾರೆ ಎಂಬ ಸುದ್ದಿಯನ್ನು, ಆಗಷ್ಟೇ ಹಲ್ಲು ಕೀಳಿಸಿಕೊಂಡ ರೋಗಿಯೊಬ್ಬ ಹತ್ತಿ ತುಂಬಿದ ಬಾಯಲ್ಲೇ ಹೇಳಿದ. ಸೊಸೆ ಒಂದು ವಾರ ಕೂತು ಬರೆದು ತೆಗೆದುಕೊಂಡು ಹೋದಳು.

ರೇಡಿಯೊದ ಸಾಹೇಬರು ನಾಲ್ಕು ಪುಟ ತಿರುವಿ ತಲೆ ಎತ್ತಿದರು. "ಅತ್ತೆ ಎಲ್ಲಿ?"

"ಮೊದಲನೇ ಪುಟದಲ್ಲೇ ಇದ್ದಾರಲ್ಲ ಸಾರ್. ಸೊಸೆ ಕೆಲಸಕ್ಕೆ ಹೊರಡ್ತಾಳೆ, ಅತ್ತೆ ಓಡಿ ಬಂದು ಛತ್ರಿ ಕೊಡ್ತಾರೆ."

"ಅದೇ ನಾನೂ ಕೇಳ್ತಿರೋದು. ಛತ್ರಿ ಕೊಡೋಳು ಅತ್ತೆ ಹೇಗಾಗ್ತಾಳೆ? ಪಕ್ಕದ ಮನೆಯವಳು ಅನ್ಕೋತಾರೆ ಜನ. ರೇಡಿಯೊದಲ್ಲಿ ಮುಖ ಕಾಣಲ್ಲ ತಾಯಿ, ಬಾಯಿ ಬಿಟ್ಟ ತಕ್ಷಣ ಯಾರು ಅಂತ ಗೊತ್ತಾಗ್ಬೇಕು. ಅತ್ತೆ ಅಂದ್ರೆ ಅಳಿಸ್ಬೇಕು, ಸೊಸೆ ಅಂದ್ರೆ ಅಳ್ಬೇಕು, ಗಂಡ ಅಂದ್ರೆ ಪೇಪರ್ ಓದ್ತಾ ಇರ್ಬೇಕು. ಹತ್ತು ನಿಮಿಷಕ್ಕೆ ಇಷ್ಟು ಸಾಕು."

"ನಮ್ಮ ಮನೇಲಿ ಹಾಗಿಲ್ಲ ಸಾರ್."

"ನಿಮ್ಮ ಮನೆ ಸುದ್ದಿ ಯಾರಿಗೆ ಬೇಕು?"

ಅಂದು ಸಂಜೆ ಹುರುಳಿಕಾಯಿ ಕತ್ತರಿಸುತ್ತಾ, ಅಡುಗೆಮನೆಯ ಕಟ್ಟೆಯ ಮೇಲೇ ಸೊಸೆ ಹೊಸ ಅತ್ತೆಯನ್ನು ಬರೆದು ಮುಗಿಸಿದಳು. ಸೊಂಟಕ್ಕೆ ಬೀಗದ ಕೈಗಳ ಗೊಂಚಲು, ಸಕ್ಕರೆ ಡಬ್ಬಕ್ಕೆ ಪೆನ್ಸಿಲಿನ ಗುರುತು, ಸೊಸೆ ಉಂಡ ತುತ್ತುಗಳ ಎಣಿಕೆ. ರೆಡಿಮೇಡ್ ಅಂಗಿ ಕೊಂಡಷ್ಟು ಸಲೀಸಾಯಿತು. ಅಳತೆ ತೆಗೆಯುವ ಕೆಲಸವೇ ಇಲ್ಲ. ನಾಟಕದ ಸೊಸೆ ಬಾಗಿಲ ಹಿಂದೆ ನಿಂತು ಮೂಗು ಸೀಟುವವಳು. ಯಾರಾದರೂ ಬಂದು ಕೇಳಿದರೆ "ನಮ್ಮತ್ತೆ ದೇವರಂಥವರು" ಎಂದು ಸುಳ್ಳು ಹೇಳಿ ಮುಚ್ಚಿಹಾಕುವವಳು. ಸಾಹೇಬರು ಓದಿ ಮೇಜು ಕುಟ್ಟಿದರು. "ನೋಡಿ, ಈಗ ಮನೆ ಆಯ್ತು!" ನಾಟಕಕ್ಕೆ 'ಬೀಗದ ಗೊಂಚಲು' ಎಂದು ಹೆಸರನ್ನೂ ಅವರೇ ಇಟ್ಟರು.

ಆದರೆ ರಿಹರ್ಸಲ್ಲಿನಲ್ಲಿ ಅತ್ತೆ ಏಳಲೇ ಇಲ್ಲ. ದಪ್ಪ ಕನ್ನಡಕದ ನಟಿ ನಾಲ್ಕು ಸಲ ಓದಿ ಹಾಳೆ ಕೆಳಗಿಟ್ಟಳು. "ಇವಳು ಮರದ ಅತ್ತೆ ಕಣ್ರೀ. ಬೈಗುಳ ಇದೆ, ಬಾಯಿ ಇಲ್ಲ. ಹೇಗೆ ಮಾತಾಡ್ತಾಳೆ, ಒಂದ್ಸಲ ನೀವೇ ಮಾಡಿ ತೋರ್ಸಿ."

ಸೊಸೆ ಬಾಯಿ ತೆರೆದಳು. ಕೇಳದೆ, ಕರೆಯದೆ, ಮೊದಲು ಬಂದದ್ದು ಎರಡು ಸಣ್ಣ ಕೆಮ್ಮು. ಹಿಂದೆಯೇ ಮರಳು ಮರಳಾದ ಆ ದನಿ. "ಹ್ಞುಂ, ಹ್ಞುಂ. ಎರಡನೇ ಸಲ ಅನ್ನ ಬಡಿಸ್ಕೊಂಡ್ಯಲ್ಲ, ತೌರಲ್ಲಿ ತಟ್ಟೆ ಇರಲಿಲ್ವಾ? ಆಯ್ತಾ ಕಂದಾ?"

ಗೊಂಚಲು ಅಲ್ಲಾಡಿಸಲು ಕೂತಿದ್ದ ಸದ್ದಿನ ಮನುಷ್ಯ ನಕ್ಕು ನಕ್ಕು ಗೊಂಚಲನ್ನೇ ಬೀಳಿಸಿದ. ನಟಿ ಆ ದನಿಯನ್ನು ಎರಡೇ ಸಲಕ್ಕೆ ಹಿಡಿದಳು. ಮನೆಯಲ್ಲಿ ಮೂಗೊರೆಸಿ ಹೇಳುವ ಮಾತು ಇಲ್ಲಿ ಮೂಗು ಕೊಯ್ದು ಹೇಳುವ ಮಾತಾಯಿತು. ಸೊಸೆಯೂ ನಕ್ಕಳು. ಎಷ್ಟು ಸರಿಯಾಗಿ ಕೂತಿತು ಎಂಬ ಖುಷಿಯಲ್ಲಿ, ಎಲ್ಲಿಂದ ತಂದೆ ಎಂಬುದು ಬಸ್ಸು ಹತ್ತುವವರೆಗೂ ನೆನಪಾಗಲಿಲ್ಲ.

ನಾಟಕ ಬರುತ್ತಿದ್ದದ್ದು ಶನಿವಾರ ಬೆಳಗ್ಗೆ ಹನ್ನೊಂದಕ್ಕೆ. ಅದು ಕೂಸುಗಳ ಸ್ನಾನದ ಹೊತ್ತು. ನಲ್ಲಿಯ ಸದ್ದು, ಐದು ಬಾಯಿಗಳ ಅಳು. ಮಾವ ಮಾತ್ರ ಮೂಲೆಯಲ್ಲಿ ಕೂತು, ಕೇಳಿಸುವ ಒಂದೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳಿದರು. ಮಧ್ಯಾಹ್ನ ಊಟಕ್ಕೆ ಕೂತಾಗ ಸೊಸೆ ಮೆಲ್ಲಗೆ ಕೇಳಿದಳು. "ಹೇಗಿತ್ತು ಮಾವ?"

"ಚೆನ್ನಾಗಿತ್ತು." ಅವರು ಆಲೂಗಡ್ಡೆಯನ್ನು ಇನ್ನಷ್ಟು ಹಿಸುಕಿದರು. "ಆ ಹೆಂಗಸಿನ ಗಂಟಲು ಎಲ್ಲೋ ಕೇಳಿದ ಹಾಗಿತ್ತು."

"ರೇಡಿಯೊದಲ್ಲಿ ಎಲ್ಲರ ಗಂಟಲೂ ಒಂದೇ ಥರ ಮಾವ."

"ಹೌದೌದು. ನನಗೆ ಒಂದೇ ಕಿವಿ. ಅರ್ಧ ಕೇಳ್ಸಿರ್ಬೇಕು."

"ಏನದು ಇಬ್ರೂ ಗುಸುಗುಸು?" ಅತ್ತೆ ಹಾಲಿನ ಪಾತ್ರೆ ಇಳಿಸುತ್ತಾ ಕೇಳಿದರು. "ನಾಟಕ ಚೆನ್ನಾಗಿ ಬಂತಂತಾ? ಒಂದಿನ ನಾನೂ ಕೇಳ್ತೀನಿ ತಡಿ. ಈ ಸ್ನಾನ ಸರಿಯಾಗಿ ಆ ಹೊತ್ತಿಗೇ ಬಂದು ವಕ್ಕರಿಸುತ್ತೆ."

"ಬೇಡ ಬಿಡಿ ಅತ್ತೆ, ಅದೇನು ಮಹಾ."

ಮೊದಲ ಸಂಭಾವನೆ ಬಂದಾಗ ಸೊಸೆ ಕೂಸುಗಳ ಕೋಣೆಗೆ ಎರಡು ಹೊಸ ಚಾಪೆ ತಂದಳು. ಅತ್ತೆ ಅದನ್ನು ಬಂದವರಿಗೆಲ್ಲ ತೋರಿಸಿದರು. "ನಮ್ಮ ಸೊಸೆ ಬರೆದ ದುಡ್ಡು. ಕೂತು ನೋಡಿ, ಎಷ್ಟು ಮೆತ್ತಗಿದೆ."

ನಾಲ್ಕನೆಯ ವಾರ ಸೊಸೆಗೆ ಬರೆಯಲು ಏನೂ ಹೊಳೆಯಲಿಲ್ಲ. ಸಾಹೇಬರು ಮೂರು ಸಲ ಫೋನು ಮಾಡಿದ್ದರು. ಎದುರಿಗೆ ಅತ್ತೆ ಬಾಟಲಿಗಳಿಗೆ ಹಾಲು ತುಂಬುತ್ತಿದ್ದರು, ಕೈಗೆ ಸಿಕ್ಕಿದ್ದು ಅದೇ. ನಾಟಕದ ಅತ್ತೆ ಮೊಮ್ಮಗುವಿನ ಹಾಲಿಗೆ ನೀರು ಬೆರೆಸಿ, ಕೆನೆಯನ್ನು ತಾನು ಕುಡಿದು, "ಕುಡೀತು ಮಗು. ಆಯ್ತಾ ಕಂದಾ?" ಎಂದಳು. ಆ ವಾರ ರೇಡಿಯೊದವರಿಗೆ ಚೀಲದ ತುಂಬ ಕಾಗದ ಬಂದವಂತೆ.

ಬೀದಿಯೂ ಕೇಳಿತ್ತು. ಬರೆದವರ ಹೆಸರನ್ನು ಪ್ರತಿ ವಾರ ಕೊನೆಗೆ ಹೇಳುತ್ತಿದ್ದರಲ್ಲ, ಸೊಸೆ ಬರೆದದ್ದು ಎಂದಮೇಲೆ ಮನೆಯದ್ದಲ್ಲದೆ ಇನ್ನಾರದು? ಸೋಮವಾರ ಹಾಲಿನಂಗಡಿಯವನು ಅತ್ತೆಗೆ, "ಗಟ್ಟಿ ಹಾಲೇ ಕೊಡ್ಲಾ ದೊಡ್ಡಮ್ಮ? ತೆಳ್ಳಗೆ ನೀವೇ ಮಾಡ್ಕೋತೀರಾ? ಆಯ್ತಾ ಕಂದಾ?" ಎಂದನಂತೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರಂತೆ. ರಾತ್ರಿ ಅತ್ತೆ ಅದನ್ನು ಸಂಭ್ರಮದಿಂದ ಹೇಳಿದರು. "ನೋಡು, ಆ ಹಾಲಿನವನಿಗೂ ನನ್ನ ಮಾತು ಅಂಟ್ಕೊಂಡಿದೆ!"

ಗಂಡ ತಟ್ಟೆಯ ಕಡೆ ನೋಡಿದ. ಸೊಸೆ ಗಂಡನ ಕಡೆ ನೋಡಿದಳು. ಮಗಳು ಏನೋ ಹೇಳಲು ಹೊರಟಾಗ ಸೊಸೆ ಅವಳ ತಟ್ಟೆಗೆ ಕೇಳದೆಯೇ ಸೊಪ್ಪು ಬಡಿಸಿದಳು.

ಮರುದಿನವೇ ಒಂದು ಕೂಸು ಬರಲಿಲ್ಲ. ಅದರ ಅಮ್ಮನ ತಂಗಿ ಬಂದಿದ್ದಾಳಂತೆ, ಮನೆಯಲ್ಲೇ ನೋಡಿಕೊಳ್ಳುತ್ತಾಳಂತೆ. ಗುರುವಾರ ಎರಡನೆಯದು, ಜ್ವರವಂತೆ. ಅತ್ತೆ ಮೂರು ದಿನ ವಿಚಾರಿಸಿ ಕಳಿಸಿದ ಮೇಲೆ, ಬೇರೆ ಕಡೆ ಬಿಡುತ್ತಿದ್ದೇವೆ ಎಂಬ ಉತ್ತರ. ಮುಂದಿನ ವಾರ ಮೂರನೆಯದು. ನಾಲ್ಕನೆಯದು ನರ್ಸಮ್ಮನ ಮಗಳು ಚಿನ್ನು. ನರ್ಸಮ್ಮ ಕಾರಣವನ್ನೇ ಹೇಳಲಿಲ್ಲ, ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಚೀಲಕ್ಕೆ ಹಾಕಿಕೊಂಡು ಹೋದಳು. ಉಳಿದವನು ಗುಂಡ ಒಬ್ಬನೇ. ಅವನ ಅಪ್ಪ ಬಸ್ ಡ್ರೈವರ್. ಶನಿವಾರ ಹನ್ನೊಂದಕ್ಕೆ ಆ ಅಪ್ಪನ ಕಿವಿಗೆ ಬೀಳುವುದು ಹಾರ್ನು ಮಾತ್ರ.

ಅತ್ತೆ ತಪ್ಪನ್ನು ತಮ್ಮ ಮೈಯಲ್ಲೇ ಹುಡುಕತೊಡಗಿದರು. ಹೊಸ ಚಾಪೆಗಳನ್ನು ದಿನಕ್ಕೆರಡು ಸಲ ತೊಳೆದರು. ಸೋಪು ಬದಲಾಯಿತು. ತೋಳಿನ ಬಟ್ಟೆಯನ್ನು ಮೂಗಿಗೆ ಹಿಡಿದು ನೋಡಿದರು.

"ಕೂಸುಗಳು ಹತ್ತಿರ ಬಂದಾಗ ನನ್ನ ಬಾಯಿ ಏನಾದ್ರೂ ವಾಸನೆ ಬರುತ್ತಾ? ನಿಜ ಹೇಳು."

"ಇಲ್ಲ ಅತ್ತೆ."

"ನಿನಗೆ ಅಭ್ಯಾಸ ಆಗಿರುತ್ತೆ. ನಿಮ್ಮ ಡಾಕ್ಟರ ಹತ್ರ ಒಂದ್ಸಲ ತೋರಿಸ್ತೀನಿ."

ಬೇಡವೆಂದರೂ ಕೇಳದೆ ಬಂದರು. ಸೊಸೆಯೇ ಚೀಟಿ ಬರೆದಳು. ಡಾಕ್ಟರು ದೀಪ ಹಾಕಿ, ಕನ್ನಡಿಕಡ್ಡಿ ಆಡಿಸಿ, ಎಲ್ಲ ನೋಡಿ ಬಾಗಿಲವರೆಗೂ ಕೇಳುವಂತೆ ಹೇಳಿದರು. "ಏನೂ ಇಲ್ಲಮ್ಮ. ಈ ವಯಸ್ಸಿಗೆ ಇಷ್ಟು ಚೆನ್ನಾಗಿರೋ ಬಾಯಿ ನಾನು ನೋಡಿಲ್ಲ."

"ಹ್ಞುಂ, ಹ್ಞುಂ. ನೋಡಿದ್ಯಾ? ಆಯ್ತಾ ಕಂದಾ?" ಅತ್ತೆ ಕುರ್ಚಿಯಿಂದ ಇಳಿದರು.

ಹೊರಗೆ ಬೆಂಚಿನ ಮೇಲೆ ಕೂತಿದ್ದ ಇಬ್ಬರು ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿದುಕೊಂಡರು. ಒಬ್ಬಳು ಊದಿದ ದವಡೆ ಹಿಡಿದುಕೊಂಡೇ ಕಿಸಕ್ಕೆಂದಳು. ಅತ್ತೆ ಅವಳಿಗೂ ನಗು ತಿರುಗಿಸಿ ಹೋದರು. ಸೊಸೆ ಮುಂದಿನ ಚೀಟಿಯಲ್ಲಿ ತಾರೀಖು ತಪ್ಪು ಬರೆದಳು.

ಅಂದು ಸಂಜೆ ಒಣಗಿದ ಬಟ್ಟೆ ತೆಗೆಯುವಾಗ ಗಂಡ ಹಿಂದೆಯೇ ಬಂದ. "ಅಮ್ಮನಿಗೆ ಹೇಳ್ಬಿಡು."

"ನೀವೇ ಹೇಳಿ. ನಿಮ್ಮಮ್ಮ."

"ಬರೆದೋಳು ನೀನು."

"ನಕ್ಕೋರು ನೀವು. ಮೊದಲ ವಾರ ಲಿಫ್ಟ್ ಗುಂಡಿಯೊಳಗೆ ನಿಂತು ಫೋನಲ್ಲಿ ಕೇಳಿ ನಕ್ಕಿದ್ದು ಯಾರು?"

"ನಕ್ಕೆ. ನನಗೇನು ಗೊತ್ತು ಹಾಲಿಗೆ ಕೈ ಹಾಕ್ತೀಯಾ ಅಂತ?"

"ಈ ವಾರ ಒಂದು ಮುಗೀಲಿ ರೀ. ಆಮೇಲೆ ಹೇಳ್ತೀನಿ."

ಆ ವಾರ ಮುಗಿಯುವ ಮೊದಲೇ ಶನಿವಾರ ಬಂತು. ಒಬ್ಬನೇ ಕೂಸಿನ ಸ್ನಾನ ಹತ್ತೂಮುಕ್ಕಾಲಿಗೇ ಮುಗಿದುಹೋಯಿತು. ಚಿನ್ನುವಿನ ಟೋಪಿ ಒಂದು ಉಳಿದುಬಿಟ್ಟಿತ್ತು. ಅದನ್ನು ಕೊಟ್ಟು, ಹಾಗೇ ನನ್ನಿಂದ ಏನು ತಪ್ಪಾಯಿತು ಎಂದು ಕೇಳಿ ಬರುತ್ತೇನೆ ಎಂದು ಅತ್ತೆ ಗುಂಡನನ್ನು ಸೊಂಟಕ್ಕೇರಿಸಿಕೊಂಡು ಹೊರಟರು. ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಿದ್ದ ಮಾವ ತಡೆಯಲು ಎದ್ದರು, ಮತ್ತೆ ಕೂತರು. ಬೀದಿಯ ಕಿಟಕಿ ಕಿಟಕಿಯಲ್ಲೂ ಆ ಹೊತ್ತಿಗೆ ಅದೇ ರೇಡಿಯೊ.

ಮಧ್ಯಾಹ್ನ ಸೊಸೆ ಕ್ಲಿನಿಕ್ಕಿನಿಂದ ಬಂದಾಗ ಎಲ್ಲರಿಗೂ ತಟ್ಟೆ ಇಟ್ಟಾಗಿತ್ತು. ಅತ್ತೆ ಬೇಳೆ ಬಡಿಸುತ್ತಿದ್ದರು, ಎಂದಿಗಿಂತ ಒಂದು ಸೌಟು ಹೆಚ್ಚಾಗಿಯೇ. ಟೋಪಿ ಇನ್ನೂ ಅವರ ಕೈಯಲ್ಲೇ ಇತ್ತು.

"ಸಕ್ಕರೆ ಡಬ್ಬಕ್ಕೆ ನಾನು ಯಾವತ್ತಾದ್ರೂ ಗುರುತು ಹಾಕಿದ್ದೀನಾ?"

ಯಾರೂ ತುತ್ತು ಎತ್ತಲಿಲ್ಲ.

"ನಿನ್ನನ್ನೇ ಕೇಳ್ತಿರೋದು. ಯಾವ ಕೂಸಿನ ಹಾಲಿಗಾದ್ರೂ ನೀರು ಹಾಕಿದ್ದೀನಾ?"

"ಇಲ್ಲ ಅತ್ತೆ. ಅದು ನೀವಲ್ಲ." ಸೊಸೆ ನೀರಿನ ಲೋಟ ಎತ್ತಿ ಹಾಗೇ ಇಟ್ಟಳು. "ಅದು... ಅತ್ತೆ. ಸುಮ್ನೆ ಅತ್ತೆ. ಎಲ್ಲ ಕಡೆ ಇರ್ತಾಳಲ್ಲ, ಆ ಅತ್ತೆ."

"ನೀನು ಎಷ್ಟು ಜನ ಅತ್ತೆಯರ ಜೊತೆ ಬಾಳಿದ್ದೀಯಾ?"

"ನಿಮ್ಮೊಬ್ಬರ ಜೊತೆ."

"ಮತ್ತೆ ಅವಳನ್ನ ಎಲ್ಲಿಂದ ತಂದೆ?"

ಸೊಸೆ ತಟ್ಟೆಯ ಅನ್ನವನ್ನು ಬೆರಳಿಂದ ಒಂದು ಬದಿಗೆ ಸರಿಸಿದಳು.

"ಅವಳು ನಾನಲ್ಲ, ಒಪ್ಪಿದೆ. ಗಂಟಲು ಯಾರದು?"

"ಏಯ್, ನಾಟಕ ಅಲ್ವೇನೇ ಅತ್ಲಾಗೆ," ಎಂದರು ಮಾವ.

"ರೀ, ನಿಮಗೆ ಒಂದು ಕಿವಿ ಇಲ್ಲ ಅಂತ ಮೂವತ್ತು ವರ್ಷ ಕೂಗಿ ಕೂಗಿ ನನ್ನ ಗಂಟಲು ಹೀಗಾಗಿದೆ. ಇರೋ ಇನ್ನೊಂದು ಕಿವೀಲಿ ಆರು ವಾರ ಕೇಳಿಸ್ಕೊಂಡು ಸುಮ್ನಿದ್ರಲ್ಲ."

"ಅಮ್ಮ, ಜನಕ್ಕೆ ಬುದ್ಧಿ ಇಲ್ಲ," ಎಂದ ಗಂಡ. "ರೇಡಿಯೊ ಕೇಳಿ ಮಗು ಬಿಡಿಸ್ತಾರೆ ಅಂದ್ರೆ..."

"ನೀನು ಸುಮ್ನಿರು. ಕೂಸಿಗೆ ಹಾಲು ಕುಡಿಸೋ ಕೈ ಮೇಲೆ ಅನುಮಾನ ಬಂದ ತಾಯಿಗೆ ಬುದ್ಧಿ ಹೇಳೋಕೆ ಹೋಗ್ಬೇಡ. ನಾನಾಗಿದ್ರೂ ಕರ್ಕೊಂಡು ಹೋಗ್ತಿದ್ದೆ." ಅತ್ತೆ ಸೌಟನ್ನು ಪಾತ್ರೆಯಲ್ಲಿ ಬಿಟ್ಟು ಸೊಸೆಯ ಕಡೆ ತಿರುಗಿದರು. "ಬರೀಬೇಡ ಅಂದಿದ್ನಾ ನಿನಗೆ? ನನ್ನನ್ನೇ ಬರೀಬೇಕಾಗಿತ್ತು. ನನ್ನಲ್ಲಿ ಹುಳುಕಿಲ್ವಾ? ಇವಳ ಜಡೆ ಕಣ್ಣಲ್ಲಿ ನೀರು ಬರೋ ಹಾಗೆ ಎಳೀತೀನಿ. ನಿಮ್ಮಕ್ಕ ಬಂದ್ರೆ ಮುಖ ಸಿಂಡರಿಸ್ತೀನಿ. ನೀನು ಮಾಡಿದ ಚಹಾನ ಚೆಲ್ಲಿ ಮತ್ತೆ ಮಾಡ್ಕೋತೀನಿ. ಅದನ್ನ ಬರಿ, ಊರೆಲ್ಲ ಕೇಳ್ಲಿ, ನಾನು ಮಾಡಿದ್ದು ನಾನು ಅನುಭವಿಸ್ತೀನಿ. ನಾನು ಮಾಡದೆ ಇರೋದನ್ನ ನನ್ನ ಬಾಯಲ್ಲಿ ಯಾಕೆ ಆಡಿಸ್ದೆ?"

ಹೇಳುತ್ತಾ ಹೇಳುತ್ತಾ ಕೆಮ್ಮು ಬಂತು. ಮೊದಲನೆಯದು ಕೆಮ್ಮಿದರು. ಎರಡನೆಯದನ್ನು, ಎಲ್ಲರೂ ನೋಡುತ್ತಿದ್ದಂತೆ, ಬಾಯಿಗೆ ಕೈ ಅಡ್ಡ ಹಿಡಿದು ತಡೆದುಕೊಂಡರು. ಊಟ ಅಲ್ಲಿಗೇ ಮುಗಿಯಿತು. ಮಿಕ್ಕ ಬೇಳೆಯನ್ನು ಸಂಜೆ ಬಿಸಿ ಮಾಡಿದವಳು ಸೊಸೆ, ಉಂಡವನು ಗುಂಡನೊಬ್ಬನೇ.

ಸೋಮವಾರ ಸೊಸೆ ಕ್ಲಿನಿಕ್ಕಿಗೆ ರಜೆ ಹಾಕಿ ರೇಡಿಯೊದವರ ಬಳಿ ಹೋದಳು. ಮುಂದಿನ ವಾರದಿಂದ ಅತ್ತೆಯನ್ನು ಒಳ್ಳೆಯವಳಾಗಿಸುತ್ತೇನೆ ಎಂದಳು.

ಸಾಹೇಬರು ಮಗುವನ್ನು ನೋಡುವಂತೆ ನೋಡಿದರು. "ಒಳ್ಳೆಯವಳಾಗಿ ಏನು ಮಾಡ್ತಾಳೆ? ಛತ್ರಿ ಕೊಡ್ತಾಳಾ?"

"ಹೋಗ್ಲಿ, ದನಿಯಾದ್ರೂ ಬದಲಾಯಿಸಿ ಸಾರ್. ಆ ಕೆಮ್ಮು, ಆ ಕೊನೇ ಮಾತು, ಅವೆರಡು ಬೇಡ."

ದಪ್ಪ ಕನ್ನಡಕದ ನಟಿ ಕನ್ನಡಕ ತೆಗೆದು ಒರೆಸಿಕೊಂಡಳು. "ಇಪ್ಪತ್ತು ವರ್ಷದಿಂದ ಮೈಕಿನ ಮುಂದೆ ನಿಂತಿದ್ದೀನಿ ಕಣ್ರೀ. ಅಂಗಡೀಲಿ ಜನ ನನ್ನ ಗುರುತು ಹಿಡಿದಿದ್ದು ಇದೇ ಮೊದಲು. ನೀವೇ ಕೊಟ್ರಿ, ಈಗ ನೀವೇ ಕಿತ್ಕೋತೀರಾ?"

"ಹಾಗಾದ್ರೆ ನಾನು ಬರೆಯಲ್ಲ."

ಸಾಹೇಬರಿಗೆ ಸಿಟ್ಟೂ ಬರಲಿಲ್ಲ. "ಬೇಡ ಬಿಡಿ ತಾಯಿ. ಅತ್ತೆ ಬರೆಯೋಕೆ ಏನು ಕಷ್ಟ? ಯಾರನ್ನ ಕರೆದ್ರೂ ಬರೀತಾರೆ."

ಅವರು ಸುಳ್ಳು ಹೇಳಿರಲಿಲ್ಲ. ಶನಿವಾರ ಬೇರೆ ಯಾರೋ ಬರೆದದ್ದು ಬಂತು. ಈ ಸಲ ಅತ್ತೆ ಸೊಸೆಯ ಮುಂದಿನ ತಟ್ಟೆಯನ್ನೇ ಕಿತ್ತುಕೊಂಡು ನಾಯಿಗೆ ಹಾಕಿದಳು. ಎರಡು ಕೆಮ್ಮೂ ಇದ್ದವು, ಕೊನೆಯ ಮಾತೂ ಇತ್ತು. ಕೇಳುತ್ತಿದ್ದ ಮಾವ ಇಯರ್‌ಫೋನ್ ಕಿತ್ತು, ಸುತ್ತಿ, ಅಂಗಿಯ ಜೇಬಿಗೆ ಹಾಕಿಕೊಂಡರು.

ಮನೆಯಲ್ಲಿ ಮಾತು ಕಡಿಮೆಯಾಯಿತು. ಅತ್ತೆ ಬೇಕಾದ್ದಕ್ಕೆಲ್ಲ ಕೈ ತೋರಿಸತೊಡಗಿದರು: ಉಪ್ಪಿಗೆ ಬೆರಳು, ನಲ್ಲಿಗೆ ಕಣ್ಣು. ಸೊಸೆ ರೋಗಿಗಳನ್ನು ಊಟಕ್ಕೆ ಕರೆತರುವುದನ್ನು ನಿಲ್ಲಿಸಿದಳು. ಇನ್ನು ಉಳಿದ ದಾರಿ ಒಂದೇ, ಬಾಗಿಲು ಬಾಗಿಲಿಗೆ ಹೋಗಿ ನಿಜ ಹೇಳುವುದು ಎಂದು ಅವಳು ಮೊದಲು ನರ್ಸಮ್ಮನ ಮನೆಗೆ ಹೋದಳು. ಅವಳು ಒಪ್ಪಿದರೆ ಉಳಿದವರು ಒಪ್ಪುತ್ತಾರೆ.

ಶುಕ್ರವಾರ ಮಧ್ಯಾಹ್ನ, ಕ್ಲಿನಿಕ್ಕಿಗೆ ಅರ್ಧ ದಿನ ರಜೆ ಹಾಕಿ. ನರ್ಸಮ್ಮ ಡ್ಯೂಟಿ ಮುಗಿಸಿ ಬಂದು ಕಾಲು ಚಾಚಿ ಕೂತಿದ್ದಳು. ಬಾಗಿಲಲ್ಲಿ ಸೊಸೆಯನ್ನು ಕಂಡು ಅವಳ ಮುಖ ಮೆತ್ತಗಾಯಿತು. ಒಳಗೆ ಕರೆದು, ಬಾಗಿಲು ಹಾಕಿ, ಚಹಾ ಕೊಟ್ಟಳು.

"ನಮ್ಮತ್ತೆ ಅಂಥವರಲ್ಲ," ಎಂದು ಸೊಸೆ ಶುರುಮಾಡಿದಳು. "ನಾಟಕದಲ್ಲಿ ಬರೋದೆಲ್ಲ ನಾನು ಕಟ್ಟಿದ್ದು. ಅವರು ನಿಮ್ಮ ಚಿನ್ನೂಗೆ ಒಂದು ಹನಿ ನೀರು ಬೆರೆಸಿದವರಲ್ಲ."

ನರ್ಸಮ್ಮ ದನಿ ತಗ್ಗಿಸಿದಳು. "ಅವರೇ ಕಳ್ಸಿದ್ರಾ?"

"ಇಲ್ಲ! ನಾನೇ ಬಂದೆ. ಅವರಿಗೆ ಗೊತ್ತೂ ಇಲ್ಲ."

"ಗೊತ್ತಾದ್ರೆ ಏನ್ಮಾಡ್ತಾರೆ?"

"ಏನೂ ಮಾಡಲ್ಲ. ನಿಜವಾಗ್ಲೂ ಅವರು ತುಂಬ ಒಳ್ಳೆಯವರು."

"ಆ ಸೊಸೆನೂ ಪ್ರತಿ ವಾರ ಹೀಗೇ ಹೇಳೋದು," ಎಂದಳು ನರ್ಸಮ್ಮ.

"ಆ ಸೊಸೇನ ಬರೆದಿದ್ದೇ ನಾನು ಕಣ್ರೀ!"

"ಅದಕ್ಕೇ ಹೇಳಿದ್ದು. ಅನುಭವಿಸದೆ ಹಾಗೆ ಬರೆಯೋಕಾಗುತ್ತಾ? ನೀನು ಬಾಯಲ್ಲಿ ಹೇಳೋಕಾಗದೆ ರೇಡಿಯೊದಲ್ಲಿ ಹೇಳ್ಕೊಂಡೆ. ಈಗ ಅದನ್ನೂ ಅವರು ನಿಲ್ಲಿಸಿದ್ರು. ಹೋದ ವಾರ ಬೇರೆಯವರ ಹೆಸರು ಹೇಳಿದ್ರಲ್ಲ, ಆಗಲೇ ಅನ್ಕೊಂಡೆ."

ಸೊಸೆ ಇನ್ನೇನೋ ಹೇಳಲು ಹೋದಳು, ಅಳು ಬಂದುಬಿಟ್ಟಿತು. ಅತ್ತದ್ದೇ ತಪ್ಪಾಯಿತು. ನರ್ಸಮ್ಮ ಅವಳ ಬೆನ್ನು ಸವರಿ, ಔಷಧದ ಚೀಟಿಯ ಹಿಂದೆ ಒಂದು ನಂಬರು ಬರೆದು ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. "ನಮ್ಮ ಆಸ್ಪತ್ರೇಲಿ ಒಬ್ಬರು ಮೇಡಂ ಇದ್ದಾರೆ. ಇಂಥ ಮನೆ ಹೆಣ್ಣುಮಕ್ಕಳಿಗೆ ಸಹಾಯ ಮಾಡ್ತಾರೆ. ಯಾರೂ ಇಲ್ಲದಾಗ ಫೋನ್ ಮಾಡು."

ಉಳಿದ ಮೂರು ಬಾಗಿಲುಗಳನ್ನು ಅವಳು ತಟ್ಟಲಿಲ್ಲ. ಚೀಟಿಯನ್ನು ಚೂರು ಚೂರು ಮಾಡುತ್ತಾ ಮನೆಗೆ ಬಂದಳು.

ಬಾಗಿಲು ಓರೆಯಾಗಿತ್ತು. ಒಳಗೆ ಯಾರೋ ಅಪರಿಚಿತ ಹೆಂಗಸು ಮಾತಾಡುತ್ತಿದ್ದಳು. ತೆಳ್ಳಗೆ, ಎತ್ತರದಲ್ಲಿ, ಗಿರಾಕಿಗೆ ಬೆಲೆ ಹೇಳುವಂಥ ದನಿ.

"ಊಟ ಮುಗಿಯಿತಾ ಮಗು? ಒಳ್ಳೆಯದು."

"ಮುಗೀತಾ ಅನ್ನು ಅಜ್ಜಿ. ಮುಗಿಯಿತಾ ಅಂದ್ರೆ ನಮ್ಮ ಟೀಚರ್ ಥರ ಆಗುತ್ತೆ." ಅದು ಮಗಳ ದನಿ, ಶಾಲೆ ಬೇಗ ಬಿಟ್ಟಿರಬೇಕು. "ಕೊನೇಲಿ ಕೆಳಗೆ ಇಳೀಬೇಡ. ಮೇಲೇ ನಿಲ್ಸು."

"ಮುಗೀತಾ ಮಗು?"

"ಹ್ಞಾಂ, ಈಗ ಬಂತು. ಕೆಮ್ಮು ಬಂದ್ರೆ ಏನ್ಮಾಡ್ಬೇಕು?"

"ನುಂಗ್ಬೇಕು."

ಸೊಸೆ ಚಪ್ಪಲಿ ಬಿಡುವುದನ್ನು ಮರೆತು ಒಳಗೆ ಬಂದಳು. ಅತ್ತೆ ಚಾಪೆಯ ಮೇಲೆ, ಪಾಠ ಒಪ್ಪಿಸುವವರಂತೆ ನೆಟ್ಟಗೆ ಕೂತಿದ್ದರು. ಗುಂಡ ಮಗ್ಗುಲಲ್ಲಿ ಬಾಟಲಿ ಹಿಡಿದುಕೊಂಡಿದ್ದ.

"ಏನತ್ತೆ ಇದು?"

"ಮೂಲೆ ಮನೆಗೆ ಹೊಸಬರು ಬಂದಿದ್ದಾರಂತೆ. ನಾಳೆ ಮಗು ಬಿಡೋ ವಿಚಾರ ಕೇಳೋಕೆ ಬರ್ತಾರಂತೆ." ಅತ್ತೆ ಆ ತೆಳ್ಳನೆಯ ದನಿಯಲ್ಲೇ, ಒಂದೊಂದೇ ಮಾತನ್ನು ಎತ್ತಿಟ್ಟು ಹೇಳಿದರು. "ಅವರ ಮನೇಲೂ ರೇಡಿಯೊ ಇರುತ್ತೆ."

"ಬೇಡ ಅತ್ತೆ. ನಿಮ್ಮ ಹಾಗೇ ಮಾತಾಡಿ."

"ನನ್ನ ಹಾಗೆ ಮಾತಾಡೋಳು ಶನಿವಾರ ಹನ್ನೊಂದಕ್ಕೆ ಬರ್ತಾಳಲ್ಲ. ಇಬ್ಬಿಬ್ಬರು ಯಾಕೆ?"

"ಅಜ್ಜಿ, ಮತ್ತೆ ಕೆಳಗಿಳೀತು," ಎಂದಳು ಮಗಳು.

"ಹೌದಾ? ಇನ್ನೊಂದ್ಸಲ ಹೇಳ್ತೀನಿ ತಡಿ."

ಗುಂಡನ ನಿದ್ದೆಯ ಹೊತ್ತಾಗಿತ್ತು. ಅತ್ತೆ ಅವನನ್ನು ಮಲಗಿಸಿ, ಬಾಟಲಿ ತೆಗೆದಿಟ್ಟು, ಬಾಯೊರೆಸಿದರು. "ಮಲಗು ಮಗು. ಮಲಗು." ಬೆನ್ನು ತಟ್ಟಿದ ಕೈ ಅದೇ. ಗುಂಡ ಕಣ್ಣು ಮುಚ್ಚಲಿಲ್ಲ. ಅತ್ತೆಯ ಬಾಯನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಎದ್ದು, ತೂರಾಡುವ ಹೆಜ್ಜೆಯಲ್ಲಿ ಅಡುಗೆಮನೆಗೆ ಹೋಗಿ ಬಂದ. ಬಾಗಿಲ ಹಿಂದೆ ನೋಡಿದ. ಪರದೆ ಎತ್ತಿದ. ಮಂಚದ ಕೆಳಗೆ ಬಗ್ಗಿ, "ದೊಡಮ್ಮಾ," ಎಂದು ಕರೆದ. ಉತ್ತರ ಬಾರದ್ದಕ್ಕೆ ಇನ್ನೂ ಜೋರಾಗಿ ಕರೆದ.

ಅತ್ತೆ ಬಾಯಿ ತೆರೆದರು. ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ಬಂದದ್ದನ್ನು ನುಂಗಿಕೊಂಡು, ಚಾಪೆಯ ಮೇಲೆ ಕೂತೇ ಇದ್ದರು.